ಸೇವೆ ಮತ್ತು ಸಾಂಗತ್ಯ

ಪ್ರಾಯಕ್ಕೆ ಬಂದ ಮಕ್ಕಳಿಗೆ ಬುದ್ಧಿ ಹೇಳುವ ಹಿರಿಯರಿಗೆ ನಮ್ಮ ನಾಡಿನಲ್ಲಿ ಯಾವ ಕಾಲದಲ್ಲಿಯೂ ಕೊರತೆಯಿದ್ದುದಿಲ್ಲ. ಆದರೆ ಆ ಮಕ್ಕಳ ಕೈಗೆ ನಿಜವಾದ ಹೊಣೆಯೊಂದನ್ನು ಒಪ್ಪಿಸಿ, ಅದು ನೆರವೇರುವ ತನಕ ಪಕ್ಕದಲ್ಲಿದ್ದು, ತಪ್ಪಿದಾಗ ತಿದ್ದಿ, ಗೆದ್ದಾಗ ಹಿಂದೆ ಸರಿದು ನಿಲ್ಲುವ ಹಿರಿಯರು ಎಲ್ಲ ಊರುಗಳಲ್ಲಿಯೂ ದೊರೆಯುವವರಲ್ಲ. ತರುಣರ ಏಳಿಗೆಯ ವಿಷಯವಾಗಿ ಇಂದು ಸಭೆಗಳಲ್ಲಿ ಆಡುವ ಮಾತು ಬಹಳ. ಸರ್ಕಾರದ ಇಲಾಖೆಯೊಂದರ ಹೆಸರಿನಲ್ಲಿಯೇ ‘ಯುವ ಸಬಲೀಕರಣ’ವೆಂಬ ಪದವು ಸೇರಿಕೊಂಡಿದೆ. ಈ ಬಲವು ಒಬ್ಬ ತರುಣನಿಗೆ ಅಥವಾ ತರುಣಿಗೆ ಹೇಗೆ ಒದಗುತ್ತದೆ, ಯಾರಿಂದ ಒದಗುತ್ತದೆ ಎಂಬುದನ್ನು ವಿಚಾರಿಸಹೊರಟರೆ, ನಮ್ಮ ಕಾಲೇಜುಗಳಲ್ಲಿ ಐದು ದಶಕಗಳಿಗೂ ಮಿಕ್ಕಿ ನಡೆದುಬಂದಿರುವ, ಎಲ್ಲರೂ ಹೆಸರು ಕೇಳಿರುವ, ಆದರೆ ಕೆಲವರೇ ಒಳಹೊಕ್ಕು ನೋಡಿರುವ ರಾಷ್ಟ್ರೀಯ ಸೇವಾ ಯೋಜನೆಯಿಂದ ಆರಂಭಿಸುವುದು ಯುಕ್ತವೆಂದು ನನಗೆ ತೋರುತ್ತದೆ.

ಓದುತ್ತಿರುವ ತರುಣರು ತಮ್ಮ ವಿದ್ಯಾಭ್ಯಾಸದ ಕಾಲದಲ್ಲಿಯೇ ಕೆಲವು ದಿನಗಳನ್ನು ಸಮಾಜದ ಕೆಲಸಕ್ಕೆ ಮುಡಿಪಾಗಿಡಬೇಕೆಂಬ ವಿಚಾರವು ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ ನಮ್ಮ ಹಿರಿಯರ ಮನಸ್ಸನ್ನು ಹೊಕ್ಕಿತ್ತು. ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾಗಿದ್ದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ಇಂಥ ಸೇವೆಯನ್ನು ಕೈಗೊಳ್ಳುವಂತೆ ಏರ್ಪಡಿಸಬೇಕೆಂದು ಸಲಹೆ ಮಾಡಿತು. ಆ ಬಳಿಕ 1959ರಲ್ಲಿ ಸಿ.ಡಿ. ದೇಶಮುಖರ ಸಮಿತಿಯು ಅದನ್ನು ಕಡ್ಡಾಯವಾಗಿಯೇ ವಿಧಿಸುವುದು ಮೇಲೆಂದಿತು. ಅದರ ಹಿಂದೆಯೇ ಹಲವು ದೇಶಗಳ ಪದ್ಧತಿಗಳನ್ನು ಅಭ್ಯಸಿಸಿ ಬಂದ ಕೆ.ಜಿ. ಸೈಯದೈನ್ ಅವರು, ಬಲವಂತದ ಸೇವೆಯಿಂದ ಸೇವಾಬುದ್ಧಿ ಹುಟ್ಟದೆಂಬ ಅಭಿಪ್ರಾಯಕ್ಕೆ ಬಂದು, ಮತ್ತೆ ಸ್ವಇಚ್ಛೆಯ ಪಕ್ಷವನ್ನೇ ಹಿಡಿದರು. ಈ ಜಿಜ್ಞಾಸೆಯೆಲ್ಲ ಮುಗಿದು, ಗಾಂಧೀ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾನಿಲಯಗಳಲ್ಲಿ, 40,000 ವಿದ್ಯಾರ್ಥಿಗಳೊಡನೆ ಯೋಜನೆಯು ಆರಂಭವಾಯಿತು. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋಗಿದ್ದವರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ. ದೊಡ್ಡ ಅರ್ಥಶಾಸ್ತ್ರಜ್ಞರೊಬ್ಬರು ಅಂಕಿಸಂಖ್ಯೆಗಳ ನಡುವೆ ಇದ್ದುಕೊಂಡೇ, ವಿದ್ಯಾರ್ಥಿಯ ಕೈಗೆ ಗುದ್ದಲಿ ಕೊಡುವ ವಿಚಾರಕ್ಕೆ ಇಷ್ಟು ಮಹತ್ತ್ವವನ್ನು ಕೊಟ್ಟರೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಕಡ್ಡಾಯವನ್ನು ಕೈಬಿಟ್ಟುದೂ ಒಳ್ಳೆಯದೇ ಆಯಿತು. ಕಡ್ಡಾಯದ ಕೆಲಸವು ಹಾಜರಿ ಪುಸ್ತಕದಲ್ಲಿ ಮುಗಿಯುತ್ತದೆ. ಒಡಂಬಟ್ಟು ಬಂದವನಿಗೆ ಮಾತ್ರ ಕಲಿಸಲು ಸಾಧ್ಯ.

ಇಂದು ದೇಶದಲ್ಲಿ ಸುಮಾರು 40 ಲಕ್ಷ ವಿದ್ಯಾರ್ಥಿಗಳು ಇದರ ಸ್ವಯಂಸೇವಕರಾಗಿದ್ದಾರೆ. ಕಾಲೇಜಿನ ಒಂದು ಘಟಕದಲ್ಲಿ ಸಾಮಾನ್ಯವಾಗಿ 100 ಮಂದಿ. ಅವರಿಗೆ ಉಪನ್ಯಾಸಕರಲ್ಲಿ ಒಬ್ಬರು ಕಾರ್ಯಕ್ರಮಾಧಿಕಾರಿ. ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸಬೇಕು. ಅದರ ಜೊತೆಗೆ, ಕಾಲೇಜು ದತ್ತು ತೆಗೆದುಕೊಂಡಿರತಕ್ಕ ಊರೊಂದರಲ್ಲಿ ಏಳು ದಿನಗಳ ವಿಶೇಷ ಶಿಬಿರದಲ್ಲಿ ಒಮ್ಮೆಯಾದರೂ ಇರಬೇಕು. ನಿಯಮಗಳನ್ನು ಇಷ್ಟು ಹೇಳಿದರೆ ಸಾಕು. ಯೋಜನೆಯ ಜೀವವಿರುವುದು ಆ ಏಳು ದಿನಗಳಲ್ಲಿ ಎಂದು, ಅದನ್ನು ಬಲ್ಲವರೆಲ್ಲರೂ ಹೇಳುತ್ತಾರೆ.

ಶಿಬಿರವು ಬಹುಮಟ್ಟಿಗೆ ಊರಿನ ಸರ್ಕಾರಿ ಶಾಲೆಯಲ್ಲಿಯೋ ಸಮುದಾಯ ಭವನದಲ್ಲಿಯೋ ಬೀಡುಬಿಡುತ್ತದೆ. ಸ್ವಯಂಸೇವಕರನ್ನು ತಂಡಗಳಾಗಿ ಹಂಚಿ, ಆ ತಂಡಗಳಿಗೆ ಕಾವೇರಿ, ತುಂಗಾ, ಶರಾವತಿ ಎಂದು ನದಿಗಳ ಹೆಸರನ್ನಿಡುವುದು ಹಲವೆಡೆ ರೂಢಿ. ಬೆಳಗಿನ ಜಾವಕ್ಕೆ ಎದ್ದು ಪ್ರಭಾತಫೇರಿ, ಧ್ವಜವಂದನೆ. ಉಪ್ಪಿಟ್ಟೋ ಚಿತ್ರಾನ್ನವೋ ಆದ ಮೇಲೆ ಮಧ್ಯಾಹ್ನದ ತನಕ ಶ್ರಮದಾನ. ಊಟವಾದ ಬಳಿಕ ಉಪನ್ಯಾಸ, ಮನೆಮನೆಯ ಸಮೀಕ್ಷೆ. ಸಂಜೆ ಊರವರ ಮುಂದೆ ಹಾಡು, ಕಿರುನಾಟಕ. ರಾತ್ರಿ ಮಲಗುವ ಮುನ್ನ ಅಂದಿನ ಕೆಲಸದ ಅವಲೋಕನ. ದಿನಕ್ಕೊಂದು ತಂಡದವರು ಅಡುಗೆಯ ಪಾಳಿಯನ್ನು ಹೊರುತ್ತಾರೆ. ಮನೆಯಲ್ಲಿ ತಾನುಂಡ ತಟ್ಟೆಯನ್ನು ತಾನು ತೊಳೆದರಿಯದ ಹುಡುಗನೊಬ್ಬನು, ಎಸರು ಚೆನ್ನಾಗಿ ಮರಳುವ ಮೊದಲೇ ರಾಗಿಹಿಟ್ಟನ್ನು ಸುರಿದು, ಗಂಟುಗಂಟಾದ ಮುದ್ದೆಯನ್ನು ಐವತ್ತು ಜನರ ಮುಂದೆ ಬಡಿಸಬೇಕಾಗಿ ಬಂದ ದಿನ, ತನ್ನ ತಾಯಿಯು ಪ್ರತಿದಿನವೂ ಮಾಡುವ ಕೆಲಸದ ತೂಕವನ್ನು ತಾನಾಗಿಯೇ ಕಂಡುಕೊಳ್ಳುತ್ತಾನೆ. ಆ ವಿಷಯದಲ್ಲಿ ಅವನಿಗೆ ಬೇರೊಂದು ಉಪನ್ಯಾಸದ ಅವಶ್ಯಕತೆ ಇರುವುದಿಲ್ಲ.

ಹಳೆಯ ಮೈಸೂರು ಸೀಮೆಯ ಇಂಥದೊಂದು ಶಿಬಿರದಲ್ಲಿ ನಾನು ಕಂಡ ಪ್ರಸಂಗವೊಂದನ್ನು ಇಲ್ಲಿ ವಿವರವಾಗಿ ಹೇಳುವುದು ಉಚಿತ. ಸಮೀಕ್ಷೆಗೆಂದು ಕಾಗದ ಹಿಡಿದು ಹೊರಟಿದ್ದ ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳನ್ನು, ಜಗುಲಿಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬರು ಹತ್ತಿರಕ್ಕೆ ಕರೆದು, ಸೆರಗಿನ ಗಂಟಿನಿಂದ ಬ್ಯಾಂಕಿನ ಪಾಸ್‌ಪುಸ್ತಕವನ್ನು ತೆಗೆದು ಕೊಟ್ಟರು. “ಓದ್‌ಬಲ್ಲೋಳು ನೀನು, ಇದ್ರಲ್ಲಿ ಏನ್ ಬರ್ದವ್ರೆ ನೋಡವ್ವ. ದುಡ್ಡು ಬರ್ದೆ ಮೂರ್ ತಿಂಗ್ಳಾಯ್ತು” ಎಂದರು. ಅದು ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ. ಹುಡುಗಿಗೆ ಅಕ್ಷರ ಬರುತ್ತಿತ್ತು. ಆ ಸಾಲುಗಳ ಅರ್ಥವು ಮಾತ್ರ ಆಗಲಿಲ್ಲ. ತನ್ನ ಸ್ವಂತ ಅಜ್ಜಿಗೂ ಇಂಥದೇ ಮಾಸಾಶನ ಬರುತ್ತಿದ್ದರೂ ಅದು ಯಾವ ಕಚೇರಿಯಿಂದ ಹೊರಟು ಯಾವ ದಾರಿಯಲ್ಲಿ ಮನೆಗೆ ಬರುತ್ತದೆಂಬುದನ್ನು ಆಕೆ ಒಂದು ದಿನವೂ ವಿಚಾರಿಸಿದವಳಲ್ಲ. ರಾತ್ರಿಯ ಅವಲೋಕನದಲ್ಲಿ ಆಕೆ ಎದ್ದು ನಿಂತು, “ಸರ್, ನೀವು ತಾಲ್ಲೂಕು ಕಚೇರಿಯವರಿಗೆ ಒಂದು ಮಾತು ಹೇಳಬೇಕು” ಎಂದು ಕೇಳಿಕೊಂಡಳು. ಕಾರ್ಯಕ್ರಮಾಧಿಕಾರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಫೋನ್ ಮಾಡಿ ಹೇಳಬಹುದು. ಆದರೆ ನಾಳೆ ಇನ್ನೊಂದು ಮನೆಯಲ್ಲಿ ಇದೇ ಕಷ್ಟವಿದ್ದರೆ ನಿನಗೆ ದಾರಿ ಗೊತ್ತಿರುವುದಿಲ್ಲ. ಬೆಳಗ್ಗೆ ನಾಡಕಚೇರಿಗೆ ನೀನೇ ಹೋಗಿ ಕೇಳಮ್ಮ, ನಾನು ಜೊತೆಗೆ ಬಂದು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ” ಎಂದರು.

ಮರುದಿನ ನಡೆದುದೂ ಹಾಗೆಯೇ. ಕಿಟಕಿಯ ಮುಂದೆ ಆಕೆಯ ಧ್ವನಿ ಮೊದಲು ಏಳಲೇ ಇಲ್ಲ. ಒಮ್ಮೆ ಹಿಂತಿರುಗಿ ಬೆಂಚಿನ ಕಡೆಗೆ ನೋಡಿದಳು. ಅವರು ಎದ್ದು ಬರಲಿಲ್ಲ, ಎದ್ದು ಹೋಗಲೂ ಇಲ್ಲ. ಎರಡನೆಯ ಸಲ ಕೇಳಿದಾಗ ಉತ್ತರ ಬಂತು: ಖಾತೆಗೆ ಆಧಾರ್ ಸಂಖ್ಯೆಯ ಜೋಡಣೆಯಾಗಿಲ್ಲ, ಬ್ಯಾಂಕಿನಲ್ಲಿ ಅರ್ಜಿ ಕೊಡಬೇಕು. ಅಂದೇ ಮಧ್ಯಾಹ್ನ ಅಜ್ಜಿಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಹೆಬ್ಬೆರಳು ಒತ್ತಿಸಿದ್ದಾಯಿತು. ಸುದ್ದಿ ಹರಡಿ, ಶಿಬಿರ ಮುಗಿಯುವುದರೊಳಗಾಗಿ ಅದೇ ಬೀದಿಯ ಇತರ ಮುದುಕ ಮುದುಕಿಯರೂ ತಮ್ಮ ತಮ್ಮ ಪಾಸ್‌ಪುಸ್ತಕಗಳನ್ನು ಹಿಡಿದು ಶಾಲೆಯ ಮುಂದೆ ಬಂದು ಕುಳಿತರು. ಅವರಿಗೆ ವಿಷಯವನ್ನು ಬಿಡಿಸಿ ಹೇಳುತ್ತಿದ್ದವಳು ಆ ಹುಡುಗಿಯೇ. ಉಪನ್ಯಾಸಕರು ಒಂದು ಫೋನಿನಲ್ಲಿ ಆ ಕೆಲಸವನ್ನು ಮುಗಿಸಿಬಿಟ್ಟಿದ್ದರೆ ಅಜ್ಜಿಗೆ ಹಣವು ಬರುತ್ತಿತ್ತು, ಹುಡುಗಿಗೆ ಏನೂ ಬರುತ್ತಿರಲಿಲ್ಲ. ಹುಡುಗಿಯನ್ನು ಒಬ್ಬಳನ್ನೇ ಕಳಿಸಿದ್ದರೆ ಬಹುಶಃ ಆಕೆ ಕಿಟಕಿಯಿಂದಲೇ ಹಿಂದಿರುಗುತ್ತಿದ್ದಳು. ಸೇವೆಯ ಶಿಕ್ಷಣವೆಲ್ಲ ಆ ಬೆಂಚಿಗೂ ಆ ಕಿಟಕಿಗೂ ನಡುವಣ ಅಂತರದಲ್ಲಿದೆಯೆಂದು ನಾನು ನಂಬುತ್ತೇನೆ. ಮಲೆನಾಡಿನ ತೋಟಗಳಲ್ಲಿ ಎಳೆಯ ಅಡಕೆ ಸಸಿಯನ್ನು ಬಾಳೆಯ ನೆರಳಿನಲ್ಲಿ ಇಟ್ಟು ಬೆಳೆಸುವವರು, ಎಷ್ಟು ನೆರಳು ಎಷ್ಟು ಕಾಲ ಬೇಕೆಂಬುದನ್ನು ಅನುಭವದಿಂದ ತಿಳಿದಿರುತ್ತಾರೆ. ಒಳ್ಳೆಯ ಮಾರ್ಗದರ್ಶಕನ ತಿಳಿವಳಿಕೆಯೂ ಅಂಥದೇ.

ಇಲ್ಲಿ ಒಂದು ಬದಲಾವಣೆಯನ್ನು ಗಮನಿಸತಕ್ಕದ್ದಿದೆ. 1969ರಲ್ಲಿ ಈ ಯೋಜನೆಯನ್ನು ರೂಪಿಸಿದವರ ಕಣ್ಣಮುಂದೆ ಇದ್ದವನು ಬಹುಮಟ್ಟಿಗೆ ಪಟ್ಟಣದ ವಿದ್ಯಾರ್ಥಿ. ಹಳ್ಳಿಯನ್ನರಿಯದ ಅವನಿಗೆ ಹಳ್ಳಿಯ ಪರಿಚಯ ಮಾಡಿಸಬೇಕೆಂಬುದು ಅವರ ಆಶಯವಾಗಿತ್ತು. ಇಂದು ತಾಲ್ಲೂಕು ತಾಲ್ಲೂಕಿಗೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಬಂದಿವೆ. ಅಲ್ಲಿ ಓದುವ ಮಕ್ಕಳಲ್ಲಿ ಅನೇಕರು ಹಳ್ಳಿಗಳಿಂದಲೇ ಬೆಳಗಿನ ಬಸ್ಸು ಹಿಡಿದು ಬರುವವರು, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಇವರಿಗೆ ಹಳ್ಳಿಯ ಬಡತನವನ್ನು ತೋರಿಸಿಕೊಡಬೇಕಾದ ಅಗತ್ಯವಿಲ್ಲ; ಅದನ್ನು ಅವರು ಉಂಡು ಬೆಳೆದಿದ್ದಾರೆ. ಇವರಿಗೆ ಇಲ್ಲದಿರುವುದು ಬೇರೆಯೇ ಒಂದು ಸಂಪತ್ತು. ವಿದ್ಯಾರ್ಥಿವೇತನದ ಅರ್ಜಿಯನ್ನು ಯಾವ ತಿಂಗಳಲ್ಲಿ ಹಾಕಬೇಕು, ಬಿ.ಎಸ್‌ಸಿ. ಆದ ಮೇಲೆ ಯಾವ ದಾರಿಗಳಿವೆ, ಸಂದರ್ಶನದಲ್ಲಿ ಹೇಗೆ ಕುಳಿತು ಹೇಗೆ ಮಾತನಾಡಬೇಕು, ಜಾತಿ ಮತ್ತು ಆದಾಯದ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿದ್ದರೆ ಯಾರನ್ನು ಕಾಣಬೇಕು ಎಂಬಂಥ ವಿಷಯಗಳನ್ನು ಅನುಕೂಲಸ್ಥರ ಮನೆಯ ಮಕ್ಕಳು ಊಟದ ಹೊತ್ತಿನ ಮಾತುಕತೆಯಲ್ಲಿಯೇ ಕಲಿತಿರುತ್ತಾರೆ. ಕೂಲಿಗೆ ಹೋಗುವ ತಂದೆತಾಯಿಗಳ ಮಕ್ಕಳಿಗೆ ಅದನ್ನು ಹೇಳುವವರು ಮನೆಯಲ್ಲಿ ಯಾರಿದ್ದಾರೆ? ತರಗತಿಯಲ್ಲಿ ನೂರು ಮುಖಗಳ ನಡುವೆ ಒಂದಾಗಿದ್ದ ವಿದ್ಯಾರ್ಥಿಯು, ಏಳು ದಿನ ಒಂದೇ ಸೂರಿನಡಿ ಉಂಡು ಮಲಗಿ ಮಣ್ಣು ಹೊತ್ತ ಮೇಲೆ, ಇಂಥ ಪ್ರಶ್ನೆಯನ್ನು ಉಪನ್ಯಾಸಕರ ಮುಂದಿಡುವ ಧೈರ್ಯವನ್ನು ಪಡೆಯುತ್ತಾನೆ. ಶಿಬಿರದಿಂದ ಊರಿಗೆ ಆದ ಉಪಕಾರಕ್ಕಿಂತ ಈ ಸಲಿಗೆಯಿಂದ ಆಗುವ ಉಪಕಾರವು ಕೆಲವೊಮ್ಮೆ ಮಿಗಿಲಾಗಿರುತ್ತದೆ.

ಹಿರಿಯರ ಸಾಂಗತ್ಯದಲ್ಲಿ ಸೇವೆ, ಸೇವೆಯಿಂದ ತರುಣರಿಗೆ ಬಲ ಎಂಬ ಈ ಕ್ರಮವು ಕನ್ನಡನಾಡಿಗೆ ಹೊಸದಲ್ಲ. 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ವೈದ್ಯವಿದ್ಯೆಯನ್ನು ಕಲಿತು, ಅಮೆರಿಕೆಗೆ ಹೋಗಿ ಲಾಲಾ ಲಜಪತರಾಯರ ಜೊತೆಯಲ್ಲಿ ಸ್ವರಾಜ್ಯದ ಪ್ರಚಾರ ಮಾಡಿ ಬಂದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು, ಹುಬ್ಬಳ್ಳಿಯ ತರುಣರನ್ನು ಕೂಡಿಸಿ ಸೇವಾ ಮಂಡಲವನ್ನು ಕಟ್ಟಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಸಿಕ್ಕ ಆ ತರುಣರು, ಕ್ಷಮಾಪಣೆ ಬರೆದುಕೊಟ್ಟು ಹೊರಬರಲು ಒಪ್ಪದೆ ಶಿಕ್ಷೆಯನ್ನು ಅನುಭವಿಸಿದುದು ದೇಶದ ಗಮನವನ್ನು ಸೆಳೆಯಿತು. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದ ಕಾಂಗ್ರೆಸ್ಸಿನ ಸಮಯದಲ್ಲಿ ಹಿಂದೂಸ್ತಾನಿ ಸೇವಾದಳವು ಜನ್ಮ ತಳೆಯಿತು. ಮುಂದಿನ ವರ್ಷ ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಬೆಳಗಾವಿಯ ಅಧಿವೇಶನದಲ್ಲಿ ಸ್ವಯಂಸೇವಕರ ಪಡೆಯನ್ನು ಸಜ್ಜುಗೊಳಿಸಿದವರು ಹರ್ಡೀಕರರೇ.

ಆ ಅಧಿವೇಶನದಲ್ಲಿ ಸ್ತ್ರೀಯರನ್ನೂ ಸ್ವಯಂಸೇವಕಿಯರನ್ನಾಗಿ ಕರೆತಂದ ಉಮಾಬಾಯಿ ಕುಂದಾಪುರ ಅವರ ಬಾಳನ್ನು ನೆನೆದಾಗಲೆಲ್ಲ ನನಗೆ ಅವರ ಮಾವನವರಾದ ಆನಂದರಾಯರ ಮೇಲೆ ಗೌರವವುಂಟಾಗುತ್ತದೆ. ಇಪ್ಪತ್ತೈದರ ವಯಸ್ಸಿನಲ್ಲಿ ಸೊಸೆಯು ಪತಿಯನ್ನು ಕಳೆದುಕೊಂಡಳು. ಅಂದಿನ ಕಾಲದಲ್ಲಿ ಅಂಥ ಹೆಣ್ಣುಮಗಳಿಗೆ ಮನೆಯ ಹಿಂಬದಿಯ ಕೋಣೆಯನ್ನುಳಿದು ಬೇರೆ ಸ್ಥಾನವನ್ನು ಕಲ್ಪಿಸಿದವರು ಬಹಳ ಜನರಿರಲಿಲ್ಲ. ಆನಂದರಾಯರು ಆಕೆಯನ್ನು ಓದಿಸಿದರು, ಹುಬ್ಬಳ್ಳಿಯಲ್ಲಿ ಮನೆಯಿಂದ ಹೊರಗಿನ ಕಾರ್ಯಕ್ಕೆ ಉತ್ತೇಜನ ಕೊಟ್ಟರು. ಭಗಿನೀ ಮಂಡಳವು ಹೀಗೆ ಹುಟ್ಟಿತು. ಮನೆಯಲ್ಲಿ ಮಾವನವರೂ ಹೊರಗೆ ಹರ್ಡೀಕರರೂ ಬೆಂಬಲವಾಗಿ ನಿಂತ ಮೇಲೆ, ಉಮಾಬಾಯಿಯವರು ಬೆಳಗಾವಿಗೆ 150ಕ್ಕೂ ಮಿಕ್ಕ ಸ್ತ್ರೀಯರನ್ನು ಸೇವೆಗೆ ಅಣಿಗೊಳಿಸಿದರು. ಮುಂದೆ ತಾವೇ ಸೆರೆವಾಸವನ್ನನುಭವಿಸಿದರು. ಸೆರೆಯಿಂದ ಬಿಡುಗಡೆಯಾಗಿ ಹೋಗಲು ಠಾವಿಲ್ಲದ ಸ್ತ್ರೀಯರಿಗೆ ತಮ್ಮ ಮನೆಯ ಬಾಗಿಲನ್ನು ತೆರೆದರು. 1946ರಲ್ಲಿ ಗಾಂಧೀಜಿಯವರು ಕಸ್ತೂರಬಾ ನಿಧಿಯ ಕರ್ನಾಟಕ ಶಾಖೆಯ ಹೊಣೆಯನ್ನು ಇವರಿಗೇ ವಹಿಸಿದರು. ಸ್ವಾತಂತ್ರ್ಯ ಬಂದ ಬಳಿಕ ಯಾವ ಮನ್ನಣೆಯನ್ನೂ ಅವರು ಬಯಸಲಿಲ್ಲ. ತಾನು ಪಡೆದ ಆಸರೆಯನ್ನು ಮತ್ತೊಬ್ಬರಿಗೆ ದಾಟಿಸುವ ಈ ಪರಂಪರೆಯೇ ಸೇವೆಯ ನಿಜವಾದ ಬೆಳೆ.

ಆಸರೆ ದಾಟಿಸಿದವರಲ್ಲಿ ಡಾ. ಎಚ್. ನರಸಿಂಹಯ್ಯನವರು ಇನ್ನೊಬ್ಬರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ, ಓದಿನ ಆಸೆಯಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಬಂದು, ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿದನು. ಮುಂದೆ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳೂ ಆದ ಮೇಲೆ ಸಹ ಅವರು ಮನೆಯೊಂದನ್ನು ಕಟ್ಟಿಕೊಳ್ಳದೆ, 2005ರಲ್ಲಿ ತೀರಿಕೊಳ್ಳುವ ತನಕ ವಿದ್ಯಾರ್ಥಿ ನಿಲಯದ ಕೋಣೆಯಲ್ಲಿಯೇ ವಾಸವಾಗಿದ್ದರು. ಓದುವ ಹುಡುಗರ ನಡುವೆ ಹಿರಿಯನೊಬ್ಬನು ಹೀಗೆ ಸುಮ್ಮನೆ ಬಾಳುವುದೇ ಒಂದು ಮಾರ್ಗದರ್ಶನ.

ತರುಣರೇ ಮುಂದಾಗಿ ಸೇವೆಯನ್ನು ಕಟ್ಟಿ ಬೆಳೆಸಿದ ಉದಾಹರಣೆಯೂ ನಮ್ಮಲ್ಲುಂಟು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಅವರ ಗೆಳೆಯರು ಆರಂಭಿಸಿದ ಸ್ವಾಮಿ ವಿವೇಕಾನಂದ ಯುವ ಚಳವಳಿಯು, ಬಡ ರೋಗಿಗಳಿಗೆ ಔಷಧಿ ಒದಗಿಸುವ ಸಣ್ಣ ಕಾರ್ಯದಿಂದ ತೊಡಗಿ, ಕೆಲವೇ ವರ್ಷಗಳಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳನ್ನು ಮುಟ್ಟಿತು. ಕಬಿನಿಯ ಅಣೆಕಟ್ಟಿನಿಂದಲೂ ವನ್ಯಜೀವಿ ರಕ್ಷಣೆಯ ಕಟ್ಟುಪಾಡುಗಳಿಂದಲೂ ನೆಲೆ ತಪ್ಪಿದ್ದ ಜೇನುಕುರುಬ, ಕಾಡುಕುರುಬ ಕುಟುಂಬಗಳ ನಡುವೆ ಕೆಂಚನಹಳ್ಳಿಯ ಆಸ್ಪತ್ರೆ, ಹೊಸಹಳ್ಳಿಯ ಗಿರಿಜನ ಶಾಲೆ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಮೇಲೆದ್ದವು. ಇಪ್ಪತ್ತು ದಾಟದ ಹುಡುಗರ ಉತ್ಸಾಹವು ನಾಲ್ಕು ದಶಕಗಳ ಸಂಸ್ಥೆಯಾಗಿ ನಿಂತುದಕ್ಕೆ ಮುಖ್ಯ ಕಾರಣ, ಅವರು ಆ ಜನರ ನಡುವೆಯೇ ನೆಲೆಸಿದುದು ಎಂದು ನನ್ನ ಅಭಿಪ್ರಾಯ. ಬಂದು ಹೋಗುವವರಿಂದ ಆಸ್ಪತ್ರೆಯಾಗುವುದಿಲ್ಲ.

ಈ ಮಾತು ನಮ್ಮನ್ನು ಸೇವಾ ಯೋಜನೆಯ ದೊಡ್ಡ ಕೊರತೆಯೊಂದರ ಕಡೆಗೆ ಒಯ್ಯುತ್ತದೆ. ಏಳು ದಿನಗಳಲ್ಲಿ ಚರಂಡಿಯ ಹೂಳನ್ನೆತ್ತಿದ ತಂಡವು ಎಂಟನೆಯ ದಿನ ಬಸ್ಸು ಹತ್ತುತ್ತದೆ. ಮಳೆಗಾಲ ಮುಗಿಯುವುದರೊಳಗೆ ಚರಂಡಿಯು ಮತ್ತೆ ತುಂಬಿರುತ್ತದೆ. ನೆಟ್ಟ ಸಸಿಗೆ ಬೇಸಗೆಯಲ್ಲಿ ನೀರೆರೆಯುವವರು ಯಾರೆಂಬುದನ್ನು ನೆಡುವ ದಿನವೇ ಗೊತ್ತುಮಾಡಿರುವುದಿಲ್ಲ. ಕಾರ್ಯಕ್ರಮಾಧಿಕಾರಿಯ ಅವಧಿಯು ಮೂರು ವರ್ಷ, ಹೆಚ್ಚೆಂದರೆ ನಾಲ್ಕು. ಊರಿನ ಪರಿಚಯವು ಗಾಢವಾಗುವ ಹೊತ್ತಿಗೆ ಅವರು ಹೊಣೆಯಿಂದ ಬಿಡುಗಡೆ ಹೊಂದುತ್ತಾರೆ, ಇಲ್ಲವೇ ವರ್ಗವಾಗಿ ಹೋಗುತ್ತಾರೆ. ಪಾಠ, ಪರೀಕ್ಷೆ, ಮೌಲ್ಯಮಾಪನ, ಕಚೇರಿಯ ಕಾಗದಪತ್ರ ಇವೆಲ್ಲವೂ ಇದ್ದಂತೆಯೇ ಇದ್ದು, ನೂರು ಮಕ್ಕಳ ಯೋಗಕ್ಷೇಮವೂ ಅವರ ಮೇಲೆಯೇ ಬೀಳುತ್ತದೆ. ಇಷ್ಟಾದರೂ ಮನಸ್ಸಿಟ್ಟು ದುಡಿಯುವ ಅಧ್ಯಾಪಕರು ಜಿಲ್ಲೆ ಜಿಲ್ಲೆಗಳಲ್ಲಿ ಇದ್ದಾರೆಂಬುದು ನಮ್ಮ ಭಾಗ್ಯ. ಆದರೆ ನೂರು ತರುಣರಿಗೆ ಒಬ್ಬ ಹಿರಿಯನು ನಿಜವಾದ ಜೊತೆಗಾರನಾಗುವುದು ಅಸಾಧ್ಯ.

ಆದುದರಿಂದ ನಡುವೆ ಇನ್ನೊಂದು ಸಾಲು ಬೇಕು: ಮುಂದಿನವರ ಕೈ ಹಿಡಿಯಬಲ್ಲ, ಐದಾರು ವರ್ಷ ಮಾತ್ರ ಹಿರಿಯರಾದ ಅಣ್ಣ ಅಕ್ಕಂದಿರ ಸಾಲು. ಈ ಬಗೆಯ ಪ್ರಯೋಗವೊಂದನ್ನು ರಾಜ್ಯದಲ್ಲಿ ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಿಂದ ಯುವ ಸಬಲೀಕರಣ ಇಲಾಖೆಯು ‘ಯುವ ಸ್ಪಂದನ’ವೆಂಬ ಹೆಸರಿನಲ್ಲಿ ನಡೆಸುತ್ತಿದೆ. ಸ್ಥಳೀಯ ತರುಣರಿಗೇ ತರಬೇತಿಯನ್ನು ಕೊಟ್ಟು, ಅವರನ್ನು ಯುವ ಪರಿವರ್ತಕರೆಂದು ಕರೆದು, ಓದಿನ ಆತಂಕ, ಮನಸ್ಸಿನ ದುಗುಡ, ಮನೆಯವರೊಡನೆ ವಿರಸ, ದುಶ್ಚಟ ಮೊದಲಾದ ತೊಡಕುಗಳಲ್ಲಿ ಸಿಲುಕಿದ ಓರಗೆಯವರ ಮಾತನ್ನು ಅವರು ಸಮಾಧಾನವಾಗಿ ಕೇಳುವಂತೆ ಏರ್ಪಡಿಸಿದ್ದಾರೆ. ಅಪ್ಪನ ಮುಂದೆ ಆಡಲಾಗದ ಮಾತನ್ನು ತರುಣನು ಇಂಥವರ ಮುಂದೆ ಆಡುತ್ತಾನೆ. ಸೇವಾ ಯೋಜನೆಯಲ್ಲಿಯೂ, ಎರಡು ವರ್ಷಗಳನ್ನು ಮುಗಿಸಿ ಪ್ರಮಾಣಪತ್ರ ಪಡೆದ ಹಳೆಯ ಸ್ವಯಂಸೇವಕರನ್ನು ಹೀಗೆಯೇ ಕರೆದು ಬಳಸಿಕೊಳ್ಳಬಹುದು: ಹತ್ತು ಹೊಸಬರಿಗೆ ಒಬ್ಬರಂತೆ ಅವರನ್ನು ಗೊತ್ತುಮಾಡಿದರೆ, ಅಧಿಕಾರಿಗಳು ಬದಲಾದರೂ ಊರಿನ ನೆನಪು ಘಟಕದಲ್ಲಿ ಉಳಿಯುತ್ತದೆ.

ಊರಿನ ತರುಣರ ವಿಷಯವನ್ನು ಮರೆಯುವಂತಿಲ್ಲ. ಶಿಬಿರದ ವಿದ್ಯಾರ್ಥಿಗಳು ಗುದ್ದಲಿ ಹಿಡಿದಿರುವಾಗ, ಅದೇ ವಯಸ್ಸಿನ, ಎಸ್ಸೆಸ್ಸೆಲ್ಸಿಯಲ್ಲಿ ನಿಂತುಹೋಗಿ ಈಗ ಗಾರೆ ಕೆಲಸಕ್ಕೋ ಟ್ರ್ಯಾಕ್ಟರ್ ಓಡಿಸಲಿಕ್ಕೋ ಹೋಗುವ ಹುಡುಗರು ಅರಳಿಕಟ್ಟೆಯ ಮೇಲೆ ಕುಳಿತು ನೋಡುತ್ತಿರುವ ದೃಶ್ಯವು ನನ್ನ ಮನಸ್ಸನ್ನು ಬಹಳ ನೋಯಿಸಿದೆ. ಗೋಡೆಗೆ ಗಾರೆ ಬಳಿಯುವ ಕೌಶಲವು ಅವರಲ್ಲಿದೆ, ಕೆರೆಯ ತೂಬು ಎಲ್ಲಿ ಕಟ್ಟಿದೆಯೆಂಬುದು ಅವರಿಗೆ ಗೊತ್ತು. ಕಾಲೇಜಿನ ಮಕ್ಕಳಿಗೆ ಕಲಿಸಬಲ್ಲ ಗುರುಗಳು ಅವರು. ಕಲಿತವರು ಕಲಿಯದವರಿಗೆ ನೀಡುವ ದಾನವೆಂಬ ಭಾವನೆಯು ಹೋಗಿ, ಇಬ್ಬರೂ ಒಬ್ಬರಿಂದೊಬ್ಬರು ಪಡೆಯುವಂಥ ವ್ಯವಸ್ಥೆಯು ಬಂದಾಗಲೇ ಆ ಹುಡುಗರು ಕಟ್ಟೆಯಿಂದ ಇಳಿದು ಬರುವುದು. 1972ರಿಂದ ಆರಂಭವಾದ ನೆಹರು ಯುವ ಕೇಂದ್ರಗಳ ಆಶ್ರಯದಲ್ಲಿ ಹುಟ್ಟಿಕೊಂಡ ಯುವಕ ಸಂಘಗಳೂ ಯುವತಿ ಮಂಡಳಿಗಳೂ ಇಂದಿಗೂ ಎಷ್ಟೋ ಊರುಗಳಲ್ಲಿವೆ. ಗಣೇಶೋತ್ಸವಕ್ಕೂ ಕಬಡ್ಡಿ ಪಂದ್ಯಕ್ಕೂ ಹಣ ಕೂಡಿಸಿ ಲೆಕ್ಕವೊಪ್ಪಿಸುವ ಸಾಮರ್ಥ್ಯವುಳ್ಳ ಆ ಸಂಘಗಳಿಗೆ ಸಸಿಗಳ ರಕ್ಷಣೆ, ಚರಂಡಿಯ ಉಸ್ತುವಾರಿ, ಮುದುಕರ ಮಾಸಾಶನದ ವಿಚಾರಣೆಗಳನ್ನು ವಹಿಸಿಕೊಳ್ಳುವುದು ಅಸಾಧ್ಯವಲ್ಲ. ಮುಂದಿನ ವರ್ಷದ ಶಿಬಿರಕ್ಕೆ ಊರನ್ನು ಗೊತ್ತುಮಾಡುವ ಪ್ರಾಂಶುಪಾಲರು, ಈ ಸಂಘದವರನ್ನು ಉದ್ಘಾಟನೆಯ ದಿನ ವೇದಿಕೆಯ ಮುಂದೆ ಕೂಡಿಸುವುದಕ್ಕೆ ಮಾತ್ರ ಕರೆಯದೆ, ಏಳು ದಿನಗಳ ಕೆಲಸದ ಪಟ್ಟಿಯನ್ನು ಸಿದ್ಧಪಡಿಸುವ ಹೊತ್ತಿಗೇ ಕರೆದು, ಎಂಟನೆಯ ದಿನದಿಂದ ಯಾವ ಕೆಲಸ ಯಾರದೆಂಬುದನ್ನು ಅವರ ಬಾಯಿಂದಲೇ ಹೇಳಿಸಿ ಬರೆದುಕೊಳ್ಳಬೇಕು.